ಪೈನ್ ಗಿಡಕ್ಕೆ ತೊಗರಿ ಕೈಚಳಕ

ಸಂಜೀವಕುಮಾರ ಮಾಸ್ತರನ ಬಾಯಿ ಸುಮ್ಮನಿದ್ದಿದ್ದರೆ ತಾಂಡೂರಿನ ಆ ಖಾಸಗಿ ಶಾಲೆಯಲ್ಲಿ ಅಂದು ಏನೂ ಆಗುತ್ತಿರಲಿಲ್ಲ. ಮುಖ್ಯೋಪಾಧ್ಯಾಯಿನಿ ಪ್ರೇಮಲಾ ಮೇಡಂ ಬೆಳಿಗ್ಗೆ ಜಹೀರಾಬಾದಿನ ಮೀಟಿಂಗಿಗೆ ಹೊರಟವರು ತಮ್ಮ ಮೇಜಿನ ಮೇಲಿನ ಕುಂಡದಲ್ಲಿದ್ದ ಗೇಣುದ್ದದ ಪೈನ್ ಬೋನ್ಸಾಯ್ ಅನ್ನು ಟೀಚರುಗಳಿಗೆಲ್ಲ ತೋರಿಸಿದರು. "ಚಿಗುರು ಬಾಳ ಬಂದಾವ. ಕತ್ತರಿಸಿ ಆಕಾರ ಕೊಡೋರು ಯಾರರ ಅದಾರೇನ್ರಿ? ಚಲೋ ಮಾಡಿದೋರಿಗೆ ಶಾಲಿ ತೋಟದ ಉಸ್ತುವಾರಿ. ಬಸ್ ಡ್ಯೂಟಿ ಮಾಫ್."

ಯಾಲಾಲ್ ಊರಿಗೆ ಹೋಗುವ ಶಾಲಾ ಬಸ್ಸಿನಲ್ಲಿ ದಿನಾ ಮಕ್ಕಳ ವಾಂತಿಗೆ ಚೀಲ ಹಿಡಿದು ಬೇಸತ್ತವನಿಗೆ ಇನ್ನೇನು ಬೇಕು! "ನಾವು ತೊಗರಿ ಬೆಳೆಯೋರ್ರಿ ಮೇಡಂ. ಇದೇನು ಮಹಾ!" ಎಂದುಬಿಟ್ಟ. ಆಗಲೇ ಬಾಗಿಲು ದಾಟಿದ್ದ ಮೇಡಂಗೆ ಅದು ಕೇಳಿಸಲಿಲ್ಲ.

ಕುಡಿ ಚಿವುಟಿದರೆ ತೊಗರಿ ಗಿಡ ಕೊಡೆಯಂತೆ ಹರಡುತ್ತದೆ. ಅದೇ ಲೆಕ್ಕದಲ್ಲಿ ಅವನು ಪೈನಿನ ಎಡಗಡೆಯ ಕುಡಿಗಳನ್ನೆಲ್ಲ ಚಿವುಟಿದ. ಗಿಡ ಬಲಕ್ಕೆ ವಾಲಿದಂತೆ ಕಂಡಿತು. ಬಲಗಡೆ ಕತ್ತರಿಸಿದ. ಈಗ ಎಡಕ್ಕೆ ವಾಲಿತು.

ತೆಲುಗು ಟೀಚರ್ ಬಾಲಮಣಿ ಬಾಗಿಲಲ್ಲಿ ನಿಂತು, "ಕೆಳಗಿನ ಟೊಂಗಿ ಜ್ಯಾಸ್ತಿ ಆತ್ರಿ" ಎಂದರು. ಕೆಳಗಿನದು ಹೋಯಿತು. "ಈಗ ನಡುವಿಂದು ಒಂಟಿ ಆತಲ್ರಿ." ನಡುವಿನದೂ ಹೋಯಿತು. ಬಾಲಮಣಿ ಅವಸರದಿಂದ ತರಗತಿಗೆ ನಡೆದರು.

ಡ್ರಿಲ್ ಮಾಸ್ತರ ಅಂಜಪ್ಪ ಮಾತ್ರ ಅವನ ಕೈ ಹಿಡಿದ. "ಸಾಕ್ ಬಿಡ್ರಿ ಸರ್, ಗಿಡ ಸಾಯ್ತದ!" ಸಂಜೀವಕುಮಾರ ಕೈ ಕೊಡವಿಕೊಂಡು ಇನ್ನೊಂದು ಟೊಂಗೆ ಕತ್ತರಿಸಿದ.

ಮಧ್ಯಾಹ್ನಕ್ಕೆ ಕುಂಡದಲ್ಲಿ ಉಳಿದದ್ದು ಸೊಟ್ಟ ಬೋಳು ಕಾಂಡ, ನೆತ್ತಿಯ ಮೇಲೆ ಜುಟ್ಟಿನಷ್ಟು ಹಸಿರು. ಕ್ಷೌರ ಅರ್ಧಕ್ಕೆ ನಿಂತ ತಲೆಯ ಹಾಗಿತ್ತು. ಬೆಳಗಿನ ಬಡಾಯಿ ನೆನಪಾಗಿ ಸಂಜೀವಕುಮಾರನಿಗೆ ತನ್ನ ಮೇಲೆಯೇ ಹೇಸಿಕೆಯಾಯಿತು. ಊಟದ ಡಬ್ಬಿ ಬಿಚ್ಚಲಿಲ್ಲ. ಬಿದ್ದ ಟೊಂಗೆಗಳನ್ನು ಗೋಂದು ಹಚ್ಚಿ ಕೂಡಿಸಲು ನೋಡಿದ. ಬೆರಳಿಗೆ ಅಂಟಿದವೇ ಹೊರತು ಗಿಡಕ್ಕೆ ಅಂಟಲಿಲ್ಲ.

ಸಂಜೆ ಮೇಡಂ ಬಂದರು. "ಯಾರ್ರಿ ಇದನ್ನ ಮಾಡಿದೋರು?" ಎಂದು ಕೂಗಿದರು.

ನಾನೇ ಎನ್ನಲು ಹೋದ. ಎಲ್ಲ ಟೀಚರುಗಳೂ ನೋಡುತ್ತಿದ್ದರು. ನಾಚಿಕೆಗೆ ಬಾಯಿಂದ ಬೇರೆಯೇ ಮಾತು ಬಿತ್ತು. "ಅಂಜಪ್ಪ ಸರ್ ಮಾಡ್ಯಾರ್ರಿ. ನಾ ಬ್ಯಾಡ ಅಂದೆ, ಕೇಳಲಿಲ್ಲ."

ಅಂಜಪ್ಪ ಸಿಟ್ಟಿನಿಂದ ಬಾಯಿ ತೆರೆದ.

"ಜಪಾನಿನವರು ಹಿಂಗೇ ಮಾಡ್ತಾರ್ರಿ!" ಖುಷಿಗೆ ಮೇಡಂ ಕಣ್ಣಲ್ಲಿ ನೀರಾಡುತ್ತಿತ್ತು. "ಬೋಳು ಕಾಂಡ, ತುದಿಗೆ ಹಿಡಿ ಹಸಿರು. ನನಗ ಮಾಡಾಕ ಧೈರ್ಯ ಸಾಲದ ಬಿಟ್ಟಿದ್ದೆ!"

ಅಂಜಪ್ಪ ತೆರೆದ ಬಾಯಿ ಮುಚ್ಚಿ ಕೈಮುಗಿದ. "ಎಲ್ಲಾ ನಿಮ್ಮ ಆಶೀರ್ವಾದರಿ."

"ಮೇಡಂ, ಖರೇ ಅಂದ್ರ ಅದು ನಾನೇ..." ಸಂಜೀವಕುಮಾರ ಸಾಕ್ಷಿಗಾಗಿ ಬಾಲಮಣಿಯ ಕಡೆ ನೋಡಿದ.

"ಕೆಳಗಿನ ಟೊಂಗಿ ತಗೀರಿ ಅಂತ ಅಂಜಪ್ಪ ಸರ್‌ಗೆ ನಾನೇ ಹೇಳಿದ್ದೆರಿ ಮೇಡಂ" ಎಂದರು ಬಾಲಮಣಿ.

"ಬ್ಯಾಡ ಅಂದೋರು ನೀವೇ ಅಲ್ರಿ?" ಮೇಡಂ ಸಂಜೀವಕುಮಾರನನ್ನು ಕೇಳಿದರು. "ತೋಟ ಅಂಜಪ್ಪ ಸರ್‌ಗೆ. ಅವರ ಡ್ಯೂಟಿಯ ಕರಣಕೋಟ ಬಸ್ಸೂ ನೀವೇ ನೋಡ್ಕೊಳ್ರಿ. ಯಾಲಾಲ್ ಮುಗಿಸಿ ಬಂದ ಮ್ಯಾಲೆ."

ಅಂಜಪ್ಪ ತನ್ನ ವಾಂತಿ ಚೀಲಗಳ ಕಟ್ಟನ್ನು ತಂದು ಅವನ ಕೈಗಿಟ್ಟ. ಸಂಜೀವಕುಮಾರ ಅವನ ಮುಖ ನೋಡಲಾರದೆ ನೆಲ ನೋಡಿದ.

"ಕರಣಕೋಟದ ಹುಡುಗ್ರು ವಾಂತಿ ಬರೋ ಹಿಂದಿನ ಸೀಟೇ ಬೇಕಂತಾವ್ರಿ ಸರ್," ಅಂಜಪ್ಪ ಮೆಲ್ಲಗೆ ಹೇಳಿದ. "ನೀವು ಬ್ಯಾಡ ಅಂದ್ರೂ ಕೇಳಂಗಿಲ್ಲ."