ಆಳಂದಕ್ಕೂ ಜರಾ ನೀಲಿ ಹಾಕ್ರಿ

ಮಳೆಯ ಲೆಕ್ಕ ಇಡುವ ಕಚೇರಿಯಲ್ಲಿ ಮಳೆ ಬಾರದ ವರ್ಷವಿರಬಹುದು, ನಗೆ ಬಾರದ ವಾರವಿರುವುದಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಗುಲ್ಬರ್ಗದ ಕಚೇರಿಗೆ ಕಂಪ್ಯೂಟರ್ ಬಂದ ಮೇಲಂತೂ ಕೇಳುವುದೇ ಬೇಡ. ಊರೂರಿನ ಹಳೆಯ ಮಳೆ ಅಂಕಿಗಳನ್ನು ಅದಕ್ಕೆ ಉಣಿಸಿ, ಬಣ್ಣದ ನಕ್ಷೆ ಮಾಡಿ, ಒಳಗೆ ಅಡಗಿದ್ದನ್ನು ಹುಡುಕುವ ಕೆಲಸ ನನ್ನದು. ಸಾಹೇಬರು ಮೊದಲ ದಿನವೇ ಹೇಳಿಬಿಟ್ಟರು: ದೀಪಾವಳಿಯೊಳಗೆ ಇದರಿಂದ ಒಂದಾದರೂ ಉಪಯೋಗದ ಮಾತು ಬರದಿದ್ದರೆ ಮಷೀನು ವಾಪಸ್ ಬೆಂಗಳೂರಿಗೆ, ನಾನು ವಾಪಸ್ ಟಪಾಲು ವಿಭಾಗಕ್ಕೆ.

ಬಣ್ಣದ ನ್ಯಾಯ

ಗುಂಡಿ ಒತ್ತಿದರೆ ಪರದೆಯ ಮೇಲೆ ವರ್ಷ ಬದಲಾಗುತ್ತಿತ್ತು, ತಾಲೂಕುಗಳ ಬಣ್ಣವೂ. ಮಳೆ ಹೆಚ್ಚಾದಲ್ಲಿ ನೀಲಿ, ಕಡಿಮೆಯಾದಲ್ಲಿ ಕೆಂಪು. ಬೇರೆ ಕೆಲಸಕ್ಕೆ ಬಂದಿದ್ದ ಆಳಂದದ ಗೌಡರೊಬ್ಬರು ನನ್ನ ಬೆನ್ನ ಹಿಂದೆ ನಿಂತರು. ಜೇವರ್ಗಿ ನೀಲಿ, ಆಳಂದ ಕೆಂಪು. ಮುಂದಿನ ವರ್ಷ ಒತ್ತಿದೆ, ಮತ್ತೆ ಹಾಗೆಯೇ. ಗೌಡರು ಅತ್ತಿತ್ತ ನೋಡಿ, ಬಾಗಿ, ಮೆಲ್ಲಗೆ ಅಂದರು:

"ಅಕ್ಕಾರ, ಗುಂಡಿ ನಿಮ್ಮ ಕೈಯಾಗೇ ಅದ. ನಮ್ಮ ಆಳಂದಕ್ಕೂ ಜರಾ ನೀಲಿ ಹಾಕ್ರಿ. ಜೇವರ್ಗಿಯವರಿಗೆ ನಾ ಹೇಳಂಗಿಲ್ಲ."

ಫಳಫಳ ಡಬ್ಬಿ

ಆ ಜೇವರ್ಗಿಯ ನೀಲಿಯ ನಡುವೆ, ನೆಲೋಗಿ ಕಡೆ, ಒಂದೇ ಒಂದು ಕೆಂಪು ಚುಕ್ಕೆ. ಸುತ್ತಲೆಲ್ಲ ಹಳ್ಳ ತುಂಬಿ ಹರಿದರೂ ಅಲ್ಲಿ ಹನಿ ಬಿದ್ದಿಲ್ಲ. ಉಪಯೋಗದ ಮಾತು ಸಿಕ್ಕಿತೆಂದು ಬಸ್ಸು ಹತ್ತಿ ಹೋದೆ. ಮಳೆ ಅಳೆಯುವ ಡಬ್ಬಿ ನಿನ್ನೆ ಅಂಗಡಿಯಿಂದ ತಂದಂತೆ ಹೊಳೆಯುತ್ತಿತ್ತು. ಮೋಡ ಕಂಡ ಕೂಡಲೇ ಅದಕ್ಕೆ ತಾಡಪತ್ರಿ ಹೊದಿಸುತ್ತೇನೆಂದು ಡಬ್ಬಿ ನೋಡಿಕೊಳ್ಳುವವನು ಹೆಮ್ಮೆಯಿಂದ ಹೇಳಿದ. ಯಾಕಪ್ಪಾ ಎಂದೆ.

"ಸರ್ಕಾರಿ ಸಾಮಾನ್ರಿ ಅಕ್ಕಾರ. ಮಳ್ಯಾಗ ತೋಯ್ದರ ತುಕ್ಕ ಹಿಡೀತದಲ್ರಿ."

ತುಂತುರಿನ ದಿಕ್ಕು

ಕಡೆಗೊಂದು ದಿನ ಮಷೀನು ನಿಧಿಯನ್ನೇ ತೋರಿಸಿತು. ಅಫಜಲಪುರ ತಾಲೂಕು, ಭೀಮಾ ದಂಡೆಯ ಒಂದು ಊರು. ಮುಂಗಾರು ತಡವಾದ ವರ್ಷಗಳಲ್ಲೆಲ್ಲ ಅಲ್ಲಿ ಕೆಲವು ದಿನ ತುಸು ತುಸು ಮಳೆ, ಅದರ ಬೆನ್ನಿಗೇ ದೊಡ್ಡ ಮಳೆ. ಅಕ್ಕಪಕ್ಕದ ಊರುಗಳಲ್ಲಿ ಆ ತುಂತುರೇ ಇಲ್ಲ. ಅಂದರೆ ಮಳೆ ಬರುವ ಸುದ್ದಿ ಈ ಊರಿಗೆ ಮೊದಲೇ ಮುಟ್ಟುತ್ತದೆ. ಸಾಹೇಬರು ತಾವೇ ಗುಂಡಿ ಒತ್ತಿ ವರ್ಷಗಳನ್ನು ಹಿಂದೆ ಮುಂದೆ ಆಡಿಸಿ ನೋಡಿ, ಜೀಪು ತರಿಸಿದರು. ಮಷೀನು ಉಳಿಯಿತೆಂದು ನಾನು ದಾರಿಯುದ್ದಕ್ಕೂ ಒಳಗೊಳಗೇ ಹಿಗ್ಗಿದೆ.

ಡಬ್ಬಿ ಇದ್ದದ್ದು ನಿವೃತ್ತ ಮಾಸ್ತರರೊಬ್ಬರ ಅಂಗಳದಲ್ಲಿ. ಆ ತುಂತುರು ಯಾವ ದಿಕ್ಕಿನಿಂದ ಬರುತ್ತದೆಂದು ಸಾಹೇಬರು ಕೇಳಿದರು.

"ಊರ ಅಗಸಿ ಬಾಗಿಲ ಕಡಿಂದ್ರಿ," ಅಂದರು ಮಾಸ್ತರರು. "ಗುರ್ಜಿ ಹೊತ್ತವರು ಆ ಕಡಿಂದೇ ಬರ್ತಾರ."

ಮಳೆ ತಡವಾದರೆ ಸಗಣಿಯ ಗೊಂಬೆಯನ್ನು ರೊಟ್ಟಿ ಹಂಚಿನ ಮೇಲಿಟ್ಟು, ತಲೆಯ ಮೇಲೆ ಹೊತ್ತು ಮನೆಮನೆ ತಿರುಗುತ್ತಾರಲ್ಲ, ಅದೇ ಗುರ್ಜಿ. ಮನೆಯವರು ಅದರ ಮೇಲೆ ನೀರು ಸುರಿಯಬೇಕು. ಈ ಊರಲ್ಲಿ, ಸರ್ಕಾರದ ಮಳೆ ಡಬ್ಬಿಯೊಂದನ್ನೇ ಒಣಗಲು ಬಿಟ್ಟು ಹೋಗುವುದು ಹೇಗೆಂದು, ಅದಕ್ಕೂ ಒಂದು ಬೊಗಸೆ ನೀರು. ಅದನ್ನೂ ಮಳೆಯೆಂದು ಬರೆದಿರಾ ಎಂದರೆ, ಡಬ್ಬಿಯಲ್ಲಿದ್ದಷ್ಟನ್ನು ಬರೆಯಿರೆಂದು ಆರ್ಡರ್ ಇದೆ, ಎಲ್ಲಿಂದ ಬಂತೆಂದು ಇಷ್ಟು ವರ್ಷ ಯಾರೂ ಕೇಳಿಲ್ಲ ಎಂದರು ಮಾಸ್ತರರು.

ಸಾಹೇಬರು ನನ್ನ ಕಡೆ ತಿರುಗಿದರು. ನನ್ನ ಮೂಗಿಗೆ ಟಪಾಲು ವಿಭಾಗದ ಅಂಟಿನ ವಾಸನೆ ಬಂತು.

ಗುರ್ಜಿ ಹೊರುವ ಅಜ್ಜಿ ಅಷ್ಟೊತ್ತಿಗೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು. "ಅಂದ್ರ ನಾವು ನೀರ ಹಾಕಿದ ಮ್ಯಾಲೇ ಮಳಿ ಬಂದದ ಅಂತ ನಿಮ್ಮ ಮಷೀನೂ ಹೇಳ್ತದ, ಹೌದಲ್ಲ ಯವ್ವಾ?"

"ಹಂಗಲ್ಲ ಆಯಿ. ನೀವು ದಿನಾ ಹಾಕ್ತೀರಿ. ಒಂದಿಲ್ಲೊಂದು ದಿನ ಮಳಿ ಬಂದೇ ಬರ್ತದ."

"ನಾನೂ ಅದೇ ಹೇಳಾಕತ್ತೇನಿ. ಬರೋತನಕ ನಾವು ಬಿಡಂಗಿಲ್ಲ. ಅದಕ್ಕೇ ಬರ್ತದ."

ವಾಪಸ್ಸು ಬರುವಾಗ ಜೀಪು ಕರಜಗಿ ದಾಟಿದ ಮೇಲೆ ಸಾಹೇಬರು ಅಂದರು:

"ಹಂಗಾದ್ರ ಉಪಯೋಗದ ಮಾತು ಇನ್ನೂ ಬರಲಿಲ್ಲ."

"ಇಲ್ರಿ ಸರ್. ಬರೋತನಕ ನಾನೂ ಬಿಡಂಗಿಲ್ರಿ."

ಮಷೀನು ಉಳಿಯಿತೆಂದು ನನಗೆ ಖಾತ್ರಿಯಾದದ್ದು, ಅವರು ನಕ್ಕ ಸದ್ದಿಗೆ ಡ್ರೈವರ್ ಜೀಪು ನಿಲ್ಲಿಸಿ ಟೈರು ಒಡೆಯಿತೇನೋ ಎಂದು ನೋಡಲು ಇಳಿದಾಗ.