ಪ್ರಣಾಲಿಯ ಅರವತ್ತು ಜಡೆ

ತಪ್ಪೆಲ್ಲ ಆ ಹಸಿರು ರೇಷ್ಮೆ ತುಂಡಿನದು. ಮಲಗುವಾಗ ಕೂದಲು ಉಜ್ಜಿ ಹರಿಯದಿರಲೆಂದು ತಲೆಗೆ ಸುತ್ತಿದ್ದನ್ನು ಬಿಚ್ಚದೆಯೇ ಪ್ರಣಾಲಿ ಬೆಳಗ್ಗೆ ಅಂಗಳಕ್ಕೆ ಬಂದಳು. ನೀರು ತರುತ್ತಿದ್ದ ಪಕ್ಕದ ಮನೆ ಭಾಗವ್ವನ ಎದುರಿಗೇ ಅದು ಜಾರಿತು. ಅರವತ್ತು ಸಣ್ಣ ಜಡೆಗಳು ಬೆನ್ನ ಮೇಲೆ ಬಿದ್ದವು.

"ಏನವಾ ಇದು? ತಲಿ ಬಾಚಿಲ್ಲೇನ?"

"ಎರಡು ತಿಂಗಳಾತ್ರಿ ಬಾಚಿಲ್ಲ," ಎಂದಳು ಪ್ರಣಾಲಿ, ಹೆಮ್ಮೆಯಿಂದ.

ಭಾಗವ್ವ ಕೊಡ ಇಳಿಸಿ ನೆಲಕ್ಕೆ ಹಣೆ ಹಚ್ಚಿದಳು. "ಯವ್ವಾ! ನಮ್ಮ ಬೆಳುಂಕಿ ಊರಿಗೆ ದೇವಿ ಬಂದ್ಲು! ಜಟಾ ಇಳದಾವ, ಹಸಿರು ಸುತ್ಯಾಳ!"

ಈ ಸೀಮೆಯಲ್ಲಿ ಹೆಣ್ಣಿನ ಕೂದಲು ಗಂಟುಗಟ್ಟಿದರೆ ದೇವಿ ಬಂದಳೆಂದೇ ಲೆಕ್ಕ; ಆಮೇಲೆ ಬಾಚಣಿಗೆ ಮುಟ್ಟಿಸುವಂತಿಲ್ಲ. ಆದರೆ ಇದು ದೇವಿಯ ಕೆಲಸವಲ್ಲ, ಪುಣೆಯ ಪಾರ್ಲರಿನವಳ ಕೆಲಸ. ಹಾಸ್ಟೆಲಿನ ಉಪ್ಪು ನೀರಿಗೆ ಪ್ರಣಾಲಿಯ ಕೂದಲು ಹಿಡಿಹಿಡಿಯಾಗಿ ಉದುರತೊಡಗಿದಾಗ ಆ ಪಾರ್ಲರಿನವಳು ಬಿಗಿಯದೆ ಹೀಗೆ ಹೆಣೆದುಕೊಟ್ಟಿದ್ದಳು. ಬೈತಲೆಗಳಿಗೆ ಎಣ್ಣೆ, ರಾತ್ರಿ ರೇಷ್ಮೆ, ಎರಡು ತಿಂಗಳಿಗೆ ಬಿಡಿಸಲೇಬೇಕು ಎಂದು ತಾಕೀತು ಮಾಡಿದ್ದಳು. ತಡವಾದರೆ ಒಳಗೇ ಗಂಟಾಗಿ ಬುಡಸಮೇತ ಕಿತ್ತು ಬರುತ್ತದೆ. ಬುಡದಲ್ಲಿ ಎರಡು ಬೆರಳಿನಷ್ಟು ಹೊಸ ಕೂದಲು ಬಂದಿತ್ತು. ಅವ್ವನ ಕೈಯಿಂದ ನಿಧಾನಕ್ಕೆ ಬಿಡಿಸಿಕೊಂಡು ಅದನ್ನು ಉಳಿಸಿಕೊಳ್ಳಲೆಂದೇ ಊರಿಗೆ ಬಂದಿದ್ದಳು. ಗಡುವು ಇವತ್ತೇ.

ಅವ್ವ ತುಳಸವ್ವ ಬಾಚಣಿಗೆಯನ್ನೇ ಎಲ್ಲೋ ಅಡಗಿಸಿಟ್ಟಳು.

"ನನಗೆಲ್ಲಾ ತಿಳೀತದ ಬೇ. ಆದ್ರ ನಾಳಿ ಯಾರದರ ಎಮ್ಮಿ ಸತ್ರ ನಮ್ಮ ಮ್ಯಾಲೇ ಬರ್ತದ!"

ಒಂಬತ್ತು ಗಂಟೆಗೆ ಅಂಗಳ ತುಂಬಿತು. ಒಬ್ಬಳು ಹಸಿರು ಬಳೆ ತಂದಳು, ಇನ್ನೊಬ್ಬಳು ಎಣ್ಣೆ ಹಚ್ಚಿದ ಬೈತಲೆಗಳ ಮೇಲೆ ಮುಷ್ಟಿಗಟ್ಟಲೆ ಭಂಡಾರದ ಪುಡಿ ಸುರಿದಳು. ಎರಡು ತಿಂಗಳು ಮಗುವಿನಂತೆ ಸಾಕಿದ ಕೂದಲು ಅರಿಶಿನದ ಕೆಸರಾಯಿತು. ಪ್ರಣಾಲಿಗೆ ಮೈಯೆಲ್ಲ ಉರಿದುಹೋಯಿತು.

"ಕೈ ತಗೀರಿ! ನಾ ಯಾವ ದೇವೀನೂ ಅಲ್ಲ!"

"ನೋಡ್ರಿ, ನೋಡ್ರಿ, ದೇವಿ ಸಿಟ್ಟಿಗೆದ್ದಾಳ!" ಭಾಗವ್ವ ಮತ್ತೆ ಅಡ್ಡಬಿದ್ದಳು.

ಇದೇ ದೊಡ್ಡ ಅನ್ಯಾಯ. ಸುಮ್ಮನಿದ್ದರೆ ಒಪ್ಪಿಕೊಂಡಂತೆ, ಚೀರಿದರೆ ದೇವಿ ಮೈದುಂಬಿದಂತೆ. ಮೂವತ್ತೈದು ದಾಟಿದ ಮಗನ ತಂದೆ ಅಣ್ಣಾರಾಯ ಕೈಮುಗಿದು, "ನನ್ನ ಮಗಗ ಹೆಣ್ಣು ಯಾವ ಕಡೆ ಸಿಗತೈತ್ರಿ, ಅವ್ವ?" ಎಂದ.

"ಎಲ್ಲಿಗರ ಹಾಳಾಗಿ ಹೋಗ್ರಿ! ಪಂಢರಪುರಕ್ಕರ ಹೋಗ್ರಿ!"

ಅಣ್ಣಾರಾಯ ಭಂಡಾರ ಕಣ್ಣಿಗೊತ್ತಿಕೊಂಡು ಸೀದಾ ಪಂಢರಪುರದ ಬಸ್ಸಿಗೆ ಓಡಿದ.

ಹಲ್ಲು ಕಚ್ಚಿ ಪ್ರಣಾಲಿ ಜತ್ತ ಪೇಟೆಯ ತಾನಾಜಿ ಗುರುಗಳಿಗೆ ಫೋನು ಹಚ್ಚಿದಳು. ದೇವಿಯ ಹೆಸರಿನ ಜಟೆಗಳಿಂದ ಹೆಣ್ಣುಮಕ್ಕಳನ್ನು ಬಿಡಿಸುವುದೇ ಅವರ ಸಮಾಜಸೇವೆ. "ಸರ್, ತಲಿ ಬಿಡಿಸಬೇಕಾಗೇತಿ. ಮಂದಿ ಬಿಡವಲ್ರು. ಲಗೂನ ಬರ್ರಿ."

"ಈಗ ಬಂದೆ, ತಂಗೀ! ಇಲ್ಲೀತನ ತೊಂಬತ್ತೊಂಬತ್ತು ಜಟಾ ಆಗ್ಯಾವ!"

ಭಂಡಾರ ತಪ್ಪಿಸಲು ಅವಳು ಅರವತ್ತನ್ನೂ ಒಟ್ಟಿಗೆ ಹಿಡಿದು ಕುತ್ತಿಗೆಯ ಹತ್ತಿರ ರಬ್ಬರು ಹಾಕಿ ಕುಳಿತಳು. ಗುರುಗಳು ಬಂದರು, ಜೊತೆಗೆ ಫೋಟೊದವನೂ ಬಂದ. ಗುರುಗಳು ಅರ್ಧ ಗಂಟೆ ಭಾಷಣ ಮಾಡಿದರು. ಮಂದಿ ಹಿಂದೆ ಸರಿದರು. ಆ ದಿನ ಮೊದಲ ಸಲ ಪ್ರಣಾಲಿಗೆ ಜೀವ ತಣ್ಣಗಾಯಿತು.

"ಸರ್, ತುದಿಯಿಂದ ಸುರು ಮಾಡಬೇಕ್ರಿ. ಎಣ್ಣಿ ಹಚ್ಚಿ, ಒಂದೊಂದ..." ಎಂದು ಬೆನ್ನು ತಿರುಗಿಸಿ ಕುಳಿತಳು.

"ಹೆದರಬ್ಯಾಡ ತಂಗೀ," ಎಂದರು ಗುರುಗಳು. ಕುರಿ ಉಣ್ಣೆ ಕತ್ತರಿಸುವ ಅವರ ಕತ್ತರಿ ಒಂದೇ ಸಲ ಕಚಕ್ಕೆಂದಿತು.

ಕುತ್ತಿಗೆ ಹಗುರಾಯಿತು. ಅರವತ್ತು ಜಡೆಗಳ ಕಟ್ಟನ್ನು ಎತ್ತಿಹಿಡಿದು ಗುರುಗಳು ಫೋಟೊದವನತ್ತ ನಕ್ಕರು. "ನೂರನೇದು! ಚಪ್ಪಾಳಿ ಹೊಡೀರಿ!"

"ಯಾರ್ರೀ ನಿಮಗ ಕತ್ತರಸಂದವ್ರು? ನಾ ಬಿಡಸ್ರಿ ಅಂದಿದ್ದೆ!" ಪ್ರಣಾಲಿ ಗಂಟಲು ಹರಿಯುವಂತೆ ಚೀರಿದಳು.

"ಮೊದಲ ಎಲ್ಲಾರೂ ಹಿಂಗ ಚೀರ್ತಾರ. ಎರಡು ದಿನಕ್ಕ ಹಗುರ ಅನಸ್ತದ," ಎಂದು ಗುರುಗಳು ಗಾಡಿ ಹತ್ತಿದರು.

ಅವರು ಬಿಟ್ಟುಹೋದ ಆ ಕಟ್ಟನ್ನು ಭಾಗವ್ವ ಸೆರಗಿನಲ್ಲಿ ಹಿಡಿದು ತನ್ನ ಮನೆಯ ದೇವರ ಜಗುಲಿಗೆ ಒಯ್ದಳು. ಬಳೆ, ಭಂಡಾರ, ಮಂದಿ ಎಲ್ಲ ಅದರ ಹಿಂದೆಯೇ ಹೋದವು. ಪ್ರಣಾಲಿಯ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ.

ಅಂಗಳ ಖಾಲಿಯಾದ ಮೇಲೆ ತುಳಸವ್ವ ಒಳಗೆ ಹೋಗಿ ಜೋಳದ ಡಬ್ಬಿಯೊಳಗೆ ಕೈಹಾಕಿದಳು.

"ಈಗ ಯಾರೂ ಇಲ್ಲ ಬೇ," ಎಂದು ಬಾಚಣಿಗೆ ತಂದುಕೊಟ್ಟಳು. "ಎಷ್ಟ್ ಬೇಕಾದ್ರೂ ಬಾಚ್ಕೋ."