ಆಲೂಗೆಡ್ಡೆ ಅಂಗಡಿಯ ಕಂಪ್ಯೂಟರು

ಪೂರ್ತಿ ಕೆಟ್ಟು ನಿಂತ ವಸ್ತುವಿನ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಮಿಕ್ಸಿ ಸುಟ್ಟುಹೋದರೆ ಅಂದು ಚಟ್ನಿ ಇಲ್ಲ, ಅಷ್ಟೇ. ಮನಸ್ಸಿಗೆ ಒಂದು ಬಗೆಯ ಶಾಂತಿಯೇ ಸಿಗುತ್ತದೆ. ನನ್ನ ಪಿತ್ತ ನೆತ್ತಿಗೇರುವುದು ಅರ್ಧಂಬರ್ಧ ಕೆಟ್ಟವುಗಳ ಮೇಲೆ. ಮೂರು ಅಕ್ಷರ ಬರೆದು ನಾಲ್ಕನೆಯದಕ್ಕೆ ಮುಷ್ಕರ ಹೂಡುವ ಪೆನ್ನು, ಒತ್ತಿದಾಗ ಮುಚ್ಚಿಕೊಂಡು ಬೆನ್ನು ತಿರುಗಿಸಿದೊಡನೆ ತೆರೆದುಕೊಳ್ಳುವ ಬೀರುವಿನ ಬಾಗಿಲು, ಕೇಳಿದ್ದಕ್ಕೆಲ್ಲ ‘ಹೂಂ’ ಎನ್ನುವ ಗಂಡ. ಇವು ಕೆಟ್ಟಿವೆ ಎಂದು ಯಾರ ಮುಂದೆಯೂ ಸಾಬೀತು ಮಾಡಲಾಗುವುದಿಲ್ಲ. ತೋರಿಸಹೋದ ಗಳಿಗೆಯಲ್ಲಿ ಚೆನ್ನಾಗಿಯೇ ಇರುತ್ತವೆ. ಇಷ್ಟನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಇಲ್ಲದಿದ್ದರೆ, ಪಾಲಿಟೆಕ್ನಿಕ್ಕಿನಲ್ಲಿ ಆರು ವರ್ಷ ಎಲೆಕ್ಟ್ರಾನಿಕ್ಸ್ ಪಾಠ ಹೇಳಿದ ಹೆಂಗಸೊಬ್ಬಳು ಕಾರು ಓಡಿಸುವ ಆಟವೊಂದಕ್ಕಾಗಿ ಮೂರು ವಾರ ಮನೆಯನ್ನು ರಣರಂಗ ಮಾಡಿದಳೆಂದರೆ ನೀವು ನನ್ನ ತಲೆಯ ಬಗ್ಗೆಯೇ ಸಂಶಯಪಟ್ಟೀರಿ.

ಅದು ಜರ್ಮನಿಯ ಗ್ರೀನ್ ಕಾರ್ಡಿನ ಕಾಲ. ಕಂಪ್ಯೂಟರ್ ಬಲ್ಲವರು ಬನ್ನಿ ಎಂದು ಆ ದೇಶ ಕರೆದಾಗ ನಮ್ಮವರು, ಅಂದರೆ ನನ್ನ ಗಂಡ ಶ್ರೀಧರ, ಮೈಸೂರಿನಿಂದ ಹೊರಟರು. ಕೆಲಸಕ್ಕೆ ರಾಜೀನಾಮೆ ಕೊಟ್ಟು ನಾನೂ ಹಿಂದೆಯೇ ಹೋದೆ. ಅಲ್ಲಿನ ಪುಟ್ಟ ಊರು ಸೇಂಟ್ ಲಿಯೋನ್-ರೋಟ್‌ನಲ್ಲಿ ಮನೆ. ಒಂದು ಕಿಟಕಿಯಿಂದ ಹೊಲ ಕಾಣುತ್ತಿತ್ತು, ಇನ್ನೊಂದರಿಂದ ಗಾಜಿನ ಆಫೀಸುಗಳು. ಇವರ ಪಾಸ್‌ಪೋರ್ಟಿನಲ್ಲಿ ದುಡಿಯಲು ಅಪ್ಪಣೆ. ನನ್ನದರಲ್ಲಿ ದುಡಿಯಕೂಡದು ಎಂಬ ಠಸ್ಸೆ. ಹೆಂಡತಿಯರು ಮೊದಲು ಕೆಲವು ಕಾಲ ಕಾಯಬೇಕಂತೆ. ಪರದೇಶಿಗಳ ಕಚೇರಿಯ ಆ ಮಹಾತಾಯಿ ನನ್ನ ಸರ್ಟಿಫಿಕೇಟುಗಳನ್ನು ಒಂದೊಂದಾಗಿ ತಿರುವಿ ಹಾಕಿ, ‘ಷ್ಯೋನ್’, ಅಂದರೆ ಚೆನ್ನಾಗಿದೆ, ಎಂದು ಹೊಗಳಿ, ಅಷ್ಟೇ ಚೆನ್ನಾಗಿ ಜೋಡಿಸಿ ವಾಪಸು ಕೊಟ್ಟಳು. ಮದುವೆಯ ಆಲ್ಬಮ್ ನೋಡಿದವರು ಹಾಗೆ ವಾಪಸು ಕೊಡುತ್ತಾರೆ.

ಕಂಪ್ಯೂಟರನ್ನು ತಂದವಳು ನಾನೇ. ನಾವು ಹಾಲು, ಆಲೂಗೆಡ್ಡೆ, ಈರುಳ್ಳಿ ಕೊಳ್ಳುತ್ತಿದ್ದ ಅಂಗಡಿಯಲ್ಲಿ ವರ್ಷಕ್ಕೊಂದೆರಡು ಸಲ ಕಂಪ್ಯೂಟರುಗಳೂ ಮಾರಾಟಕ್ಕೆ ಬರುತ್ತಿದ್ದವು. ಆ ದೇಶದವರಿಗೆ ಅದರಲ್ಲಿ ವಿಚಿತ್ರವೇನೂ ಕಾಣದು. ಅಂಗಡಿಯ ಬಾಗಿಲು ತೆರೆಯುವ ಮೊದಲೇ ಸಾಲು ನಿಂತಿರುತ್ತಿದ್ದರು. ಆ ಸಾಲಿನಲ್ಲಿ ಒಂಬತ್ತನೆಯವಳಾಗಿ ಚಳಿಯಲ್ಲಿ ನಿಂತು, ಡಬ್ಬದ ಮೇಲಿನ ವಿವರವನ್ನೆಲ್ಲ ಓದಿ, ತರಕಾರಿ ಎಳೆಯುವ ಪುಟ್ಟ ಗಾಡಿಗೆ ಹಗ್ಗದಿಂದ ಕಟ್ಟಿ ಮನೆಗೆ ಎಳೆದುಕೊಂಡು ಬಂದೆ. ಆ ದೇಶದಲ್ಲಿ ಯಾರ ಸಹಾಯವೂ ಇಲ್ಲದೆ ನಾನು ಮಾಡಿದ ಮೊದಲ ದೊಡ್ಡ ಕೆಲಸ ಅದು.

ಅದರ ಜೊತೆ ಕಾರು ಓಡಿಸುವ ಆಟವೊಂದು ಬಿಟ್ಟಿ ಬಂದಿತ್ತು. ಬೆಳಿಗ್ಗೆ ಜರ್ಮನ್ ಪಾಠಕ್ಕೆ ಹೋಗಿ ಬಂದು, ಅನ್ನಕ್ಕಿಟ್ಟು, ಕುಕ್ಕರು ಕೂಗುವವರೆಗೆ ಎರಡು ಸುತ್ತು ಓಡಿಸುವುದು ಅಭ್ಯಾಸವಾಯಿತು. ಆಮೇಲೆ ಕುಕ್ಕರು ಕೂಗಿದ ಮೇಲೂ. ಇವರ ಸಹೋದ್ಯೋಗಿ ಪ್ರಸನ್ನ ಎಂಬ ಹಾಸನದ ಹುಡುಗ ಪ್ರತಿ ಶನಿವಾರ ಮಧ್ಯಾಹ್ನ ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದ. ಹುಳಿಯನ್ನ ಮುಗಿಸಿ ಕೈ ತೊಳೆದು ಒಂದು ಸುತ್ತು ಓಡಿಸುತ್ತಿದ್ದ. ಆಮೇಲೆ ನಾನು. ಯಾರ ಸಮಯ ಕಡಿಮೆಯೋ ಅವರು ಗೆದ್ದಂತೆ. ದಿನವಿಡೀ ಯಾರೂ ಅಂಕ ಕೊಡದ ಜೀವನದಲ್ಲಿ ನನ್ನನ್ನು ಅಳೆಯುತ್ತಿದ್ದುದು ಆ ಗಡಿಯಾರವೊಂದೇ. ನಗಬೇಡಿ.

ಒಂದು ಶನಿವಾರ ಕಾರು ತೊದಲತೊಡಗಿತು. ಬೇರೆ ಮಾತಿಲ್ಲ, ತೊದಲುವುದೇ. ಹೋಗುತ್ತದೆ, ನಿಲ್ಲುತ್ತದೆ, ಮತ್ತೆ ಕಣ್ಣು ಮಿಟುಕಿಸುವುದರೊಳಗೆ ಮುಂದಿನ ತಿರುವಿನ ಗೋಡೆಯೊಳಗಿರುತ್ತದೆ. ನನ್ನ ಸುತ್ತು ಹಾಳಾಯಿತು. ಪ್ರಸನ್ನ ಒಳ್ಳೆಯವನು. “ಅತ್ತಿಗೆ, ಮಷೀನ್ ಸರಿ ಇದ್ದಿದ್ರೆ ನೀವೇ ಫಸ್ಟು ಬಿಡಿ” ಎಂದ. ಆಗ ನಮ್ಮವರು ಪೇಪರಿನಿಂದ ತಲೆ ಎತ್ತದೆ ಆ ಮಾತು ಆಡಿದರು:

“ಆಲೂಗೆಡ್ಡೆ ಅಂಗಡೀಲಿ ತಂದಿದ್ದು ಇನ್ ಹೇಗಿರತ್ತೆ ಗುರು? ರೀಸ್ಟಾರ್ಟ್ ಮಾಡ್ಕೊಂಡು ಆಡ್ಬೇಕು ಅಷ್ಟೇ.”

ಇವರು ಆಫೀಸಿನಲ್ಲಿ ಮಾಡುತ್ತಿದ್ದ ಕೆಲಸವೇನು ಗೊತ್ತೇ? ನಿಧಾನವಾದ ಕಂಪ್ಯೂಟರುಗಳನ್ನು ಚುರುಕು ಮಾಡುವುದು. ಅದಕ್ಕಾಗಿಯೇ ಒಂದು ದೇಶ ಇವರನ್ನು ಸಮುದ್ರದಾಚೆಯಿಂದ ಕರೆಸಿಕೊಂಡಿತ್ತು. ಅಂಥವರು ನನ್ನ ಕಂಪ್ಯೂಟರಿಗೆ ಕೊಟ್ಟ ಚಿಕಿತ್ಸೆ ಅದು! ಮೈಯೆಲ್ಲ ಉರಿದುಹೋಯಿತು. ಆ ಕಂಪ್ಯೂಟರಿನಲ್ಲಿ ದೋಷವಿಲ್ಲ ಎಂದು ತೋರಿಸದೆ ಬಿಡುವುದಿಲ್ಲ ಎಂದು ಸಾರಿನ ಸೌಟು ಹಿಡಿದೇ ಮನಸ್ಸಿನಲ್ಲಿ ಪ್ರತಿಜ್ಞೆ ಮಾಡಿದೆ.

ಸೋಮವಾರ ಕಂಪ್ಯೂಟರ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಕಲಿತಿದ್ದ ಜರ್ಮನ್ನಿನಲ್ಲಿ, ನನ್ನ ಕಂಪ್ಯೂಟರ್ ತೊದಲುತ್ತಿದೆ ಎಂದೆ. ಆ ಕಡೆಯವನು “ಅದು ಮಾತಾಡುತ್ತದೆಯೇ, ಮೇಡಂ?” ಎಂದು ಬಹಳ ಮರ್ಯಾದೆಯಿಂದ ಕೇಳಿದ. ಹತ್ತು ನಿಮಿಷ ವಿವರಿಸಿದ ಮೇಲೆ, ಅದಕ್ಕೆ ‘ರುಕ್ಕೆಲ್ಟ್’, ಅಂದರೆ ಜಗ್ಗಿ ಜಗ್ಗಿ ಓಡುತ್ತಿದೆ, ಅನ್ನಬೇಕೆಂದು ತಿದ್ದಿದ. ವ್ಯಾಕರಣ ಸರಿಯಾಯಿತು, ಕಾರು ಸರಿಯಾಗಲಿಲ್ಲ. ಪರದೆಯ ಚಿತ್ರ ಮೂಡಿಸುವ ಕಾರ್ಡನ್ನು ನಡೆಸುವ ‘ಡ್ರೈವರ್’ ಎಂಬ ಪ್ರೋಗ್ರಾಮು ತೆಗೆದು ಮತ್ತೆ ಹಾಕಿ ಎಂದ, ಹಾಕಿದೆ. ಆಟವನ್ನು ಅಳಿಸಿ ಮತ್ತೆ ಹಾಕಿ ಎಂದ, ಹಾಕಿದೆ. ಬಣ್ಣ, ನೆರಳು ಎಲ್ಲ ಕಡಿಮೆ ಮಾಡಿ ಎಂದ. ಮಾಡಿದೆ. ಮರಗಳೆಲ್ಲ ಹಸಿರು ಪೊರಕೆಗಳಾದವು, ಕಾರು ಸೋಪಿನ ಬಿಲ್ಲೆಯಂತಾಯಿತು. ಆ ಸೋಪೂ ತೊದಲಿತು.

ಮುಂದಿನ ಭಾನುವಾರ ಕಂಪ್ಯೂಟರಿನ ಕ್ಯಾಬಿನೆಟ್ಟನ್ನೇ ಬಿಚ್ಚಿದೆ. ಫ್ಯಾನಿನ ರೆಕ್ಕೆಗೆ ಧೂಳು ಕಟ್ಟಿರಬಹುದು, ಬಿಸಿ ಹೆಚ್ಚಾಗಿ ಹೀಗಾಗುತ್ತಿರಬಹುದು ಎಂಬುದು ನನ್ನ ಲೆಕ್ಕ. ಬಣ್ಣದ ಬ್ರಷ್ಷಿನಿಂದ ಮೆಲ್ಲಗೆ ಸವರುತ್ತ, ಏಳುವ ಧೂಳನ್ನು ವ್ಯಾಕ್ಯೂಮ್ ಕ್ಲೀನರಿನಿಂದ ದೂರದಲ್ಲೇ ಎಳೆದುಕೊಳ್ಳುತ್ತಿದ್ದೆ. ಎರಡು ನಿಮಿಷ ಆಗಿರಲಿಲ್ಲ, ಕರೆಗಂಟೆ. ಕೆಳಗಿನ ಮನೆಯ ಫ್ರಾವ್ ಕೆಸ್ಲರ್. ಎಪ್ಪತ್ತರ ಮುದುಕಿ. “ಇವತ್ತು ಭಾನುವಾರ” ಎಂದಳು. ಗೊತ್ತು ಎಂದೆ. “ಭಾನುವಾರ” ಎಂದಳು ಮತ್ತೊಮ್ಮೆ, ಪದ ನನಗೆ ಅರ್ಥವಾಗಿಲ್ಲವೆಂಬಂತೆ. ಅಲ್ಲಿ ಭಾನುವಾರ ಸದ್ದು ಮಾಡುವಂತಿಲ್ಲ. ಕ್ಷಮೆ ಕೇಳಿ ಬಾಗಿಲು ಹಾಕಿ, ಉಳಿದ ಧೂಳನ್ನು ಬಾಯಿಂದ ಊದಿ, ಸಂಜೆಯವರೆಗೆ ಸೀನಿದೆ. ಸೀನಿಗೆ ಅಡ್ಡಿಯಿರಲಿಲ್ಲ. ಇಷ್ಟೂ ಹೊತ್ತು ನಮ್ಮವರು ಸೋಫಾದಲ್ಲಿ ಕೂತು, “ಸುಮ್ನೆ ಯಾಕೆ ಕಷ್ಟ ಪಡ್ತೀಯ?” ಎಂದು ಎರಡು ಸಲ ಕೇಳಿದರು. ಸ್ಕ್ರೂಡ್ರೈವರ್ ನನ್ನ ಕೈಯಲ್ಲೇ ಇತ್ತು. ನನ್ನ ಸಂಯಮವನ್ನು ಯಾರೂ ಗುರುತಿಸಲಿಲ್ಲ.

ಮೂರನೆಯ ವಾರ ಬುದ್ಧಿ ಬಂತು. ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆನಲ್ಲ, ಬೆಸುಗೆ ಕೀಳುವ ಮೊದಲು ಎಲ್ಲಿ ಕರೆಂಟು ಸೋರುತ್ತಿದೆ ನೋಡಿ ಎಂದು! ಮೂರು ಕೀಲಿ ಒಟ್ಟಿಗೆ ಒತ್ತಿ, ಒಳಗೆ ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೆಗೆದೆ. ಎಲ್ಲ ಪರಿಚಿತ ಹೆಸರುಗಳು, ಒಂದರ ಹೊರತು. ಅದು ನಾನು ಹಾಕಿದ್ದಲ್ಲ. ಅದನ್ನು ನಿಲ್ಲಿಸಿ ಆಟ ತೆರೆದೆ. ಕಾರು ಬೆಣ್ಣೆಯ ಮೇಲೆ ಜಾರಿದಂತೆ ಹೋಯಿತು! ಮತ್ತೆ ಅದನ್ನು ಶುರು ಮಾಡಿದೆ, ತೊದಲಿತು. ನಿಲ್ಲಿಸಿದೆ, ಜಾರಿತು. ಮೂರು ಸಲ ಪರೀಕ್ಷಿಸಿ, ಕಾಗದದಲ್ಲಿ ಬರೆದಿಟ್ಟುಕೊಂಡು, ಇವರು ಆಫೀಸಿನಿಂದ ಬರುವುದನ್ನೇ ಕಾದೆ.

ಶೂ ಬಿಚ್ಚಲೂ ಬಿಡಲಿಲ್ಲ. “ಏನ್ರೀ ಇದು?” ಎಂದೆ, ಪರದೆ ತೋರಿಸಿ.

ಇವರ ಮುಖ ನೋಡಬೇಕಿತ್ತು. “ಓ, ಅದಾ? ನಾನೇ ಹಾಕಿದ್ದು. ಆಕಾಶದಿಂದ ಬರೋ ರೇಡಿಯೋ ಸಿಗ್ನಲ್ ಇರತ್ತಲ್ಲ, ಅದನ್ನ ಪ್ರಪಂಚದಲ್ಲಿರೋ ಎಲ್ಲರ ಕಂಪ್ಯೂಟರ್ಗೂ ಚೂರುಚೂರು ಹಂಚ್ತಾರೆ. ಬೇರೆ ಲೋಕದಲ್ಲಿ ಯಾರಾದ್ರೂ ಇದಾರಾ, ಏನಾದ್ರೂ ಹೇಳ್ತಿದಾರಾ ಅಂತ ನಮ್ಮ ಕಂಪ್ಯೂಟರ್ ಹುಡುಕತ್ತೆ. ಆಫೀಸಲ್ಲಿ ಕಾಂಪಿಟಿಷನ್ ಇದೆ ಕಣೆ. ನಮ್ಮ ಟೀಮು ಮೂರನೇ ಸ್ಥಾನ.”

“ಕಂಪ್ಯೂಟರ್ ಸುಮ್ನಿದ್ದಾಗ ಮಾತ್ರ ಹುಡುಕ್ಬೇಕು ತಾನೆ ಅದು?”

“ಹೂಂ... ಎರಡನೇ ಸ್ಥಾನಕ್ಕೆ ಬರ್ಬೇಕಲ್ಲ, ಅದಕ್ಕೇ ಯಾವಾಗ್ಲೂ ಓಡ್ಲಿ ಅಂತ ಬದಲಾಯಿಸ್ದೆ.”

ನಾನು ಆಗ ಆಡಿದ ಮಾತುಗಳನ್ನೆಲ್ಲ ಅಚ್ಚಿಗೆ ಕೊಡಲಾಗದು. ಕೊಡಬಹುದಾದ್ದು ಇಷ್ಟು: “ಎಲ್ಲೋ ನಕ್ಷತ್ರದಲ್ಲಿ ಯಾರಾದ್ರೂ ಬಾಯಿ ಬಿಟ್ರೆ ಕೇಳಿಸ್ಕೊಳ್ಳಕ್ಕೆ ಹಗಲೂ ರಾತ್ರಿ ಕಿವಿ ತೆರೆದು ಇಟ್ಟಿದೀರ. ಇಲ್ಲಿ ಮೂರು ವಾರದಿಂದ ಒಬ್ಬಳು ಕೂಗ್ತಾ ಇದಾಳಲ್ರೀ, ಅದು ಕೇಳಿಸ್ಲಿಲ್ವಾ? ನನ್ನ ಕಂಪ್ಯೂಟರನ್ನ ಆಲೂಗೆಡ್ಡೆ ಅಂದ್ರಲ್ಲ, ಪ್ರಸನ್ನನ ಮುಂದೆ!”

ಇವರು ಒಂದು ಶೂ ಬಿಚ್ಚಿ, ಒಂದು ಹಾಕಿಕೊಂಡೇ ಕುರ್ಚಿಯಲ್ಲಿ ಕೂತರು. “ಗೊತ್ತಾಗ್ಲಿಲ್ಲ ಕಣೆ. ತಪ್ಪಾಯ್ತು. ಈಗ ಹೇಳು, ಕೇಳ್ತೀನಿ” ಎಂದರು. ಕೇಳಿಯೂ ಕೇಳಿದರು. ಪರದೇಶಿಗಳ ಕಚೇರಿಯ ಆ ತಾಯಿ ಸರ್ಟಿಫಿಕೇಟುಗಳನ್ನು ಜೋಡಿಸಿ ಕೊಟ್ಟ ರೀತಿಯನ್ನು ಅಂದು ಮೊದಲ ಬಾರಿಗೆ ಇವರಿಗೆ ಹೇಳಿದೆ. ಒಮ್ಮೆಯೂ ‘ಹೂಂ’ ಎನ್ನಲಿಲ್ಲ. ಅರ್ಧ ಗಂಟೆಯಲ್ಲಿ ನನ್ನ ದೂರುಗಳೆಲ್ಲ ಮುಗಿದುಹೋದವು. ಇಷ್ಟೇನಾ ಇದ್ದದ್ದು ಎಂದು ನನಗೇ ನಾಚಿಕೆಯಾಯಿತು. ಕೊನೆಗೆ, ನಾನು ಜರ್ಮನ್ ಕ್ಲಾಸಿಗೆ ಹೋದಾಗ ಮಾತ್ರ ಅನ್ಯಲೋಕದವರನ್ನು ಹುಡುಕಬಹುದು ಎಂದು ಒಪ್ಪಂದವಾಯಿತು.

ಶನಿವಾರ ಪ್ರಸನ್ನ ಬಂದ. ನಮ್ಮವರೇ ಅವನಿಗೆ ಎಲ್ಲವನ್ನೂ ಹೇಳಿ, “ಕಂಪ್ಯೂಟರ್‌ದೇನೂ ತಪ್ಪಿಲ್ಲ ಗುರು, ಒಳ್ಳೇ ಮಷೀನು. ತಪ್ಪು ನಂದೇ” ಎಂದರು. ನನ್ನ ಎದೆ ಉಬ್ಬಿತು. ಅಂದು ಹುಳಿಗೆ ಬೇಳೆ ಧಾರಾಳವಾಗಿ ಬಿದ್ದಿತ್ತು. ಊಟವಾದ ಮೇಲೆ ಪ್ರಸನ್ನ ಮೊದಲು ಓಡಿಸಿದ. ಆಮೇಲೆ ನಾನು ಕೂತೆ. ನೆರಳು, ಬಣ್ಣ ಎಲ್ಲ ಮತ್ತೆ ಹೆಚ್ಚಿಸಿದ್ದೆ, ಮರಗಳಲ್ಲಿ ಎಲೆಗಳಿದ್ದವು. ಕಾರು ಒಂದು ಸಲವೂ ತೊದಲದೆ, ತಡವರಿಸದೆ, ನೀರು ಹರಿದಂತೆ ಹರಿದು, ಮೂರನೆಯ ತಿರುವಿನಲ್ಲಿ ಗೋಡೆಗೆ ಬಡಿಯಿತು. ಮತ್ತೊಮ್ಮೆ ಓಡಿಸಿದೆ. ಈ ಸಲ ಬಡಿಯಲಿಲ್ಲ. ಪ್ರಸನ್ನನಿಗಿಂತ ಹನ್ನೊಂದು ಸೆಕೆಂಡು ತಡವಾಗಿ ಮುಟ್ಟಿದೆ. ತೊದಲುತ್ತಿದ್ದ ದಿನಗಳಲ್ಲೂ ಅಷ್ಟು ತಡವಾಗಿರಲಿಲ್ಲ. ಪ್ರಸನ್ನ ಏನೋ ಹೇಳಲು ಬಾಯಿ ತೆರೆದು, ತನ್ನ ಹಳೆಯ ಸಮಾಧಾನದ ಮಾತಿಗೆ ಈಗ ಆಧಾರವಿಲ್ಲವೆಂದು ನೆನಪಾಗಿ, ನೀರು ಕುಡಿದ. ನಮ್ಮವರು ಪೇಪರನ್ನು ಇನ್ನಷ್ಟು ಎತ್ತರಕ್ಕೆ ಹಿಡಿದರು.

“ಈ ಜರ್ಮನ್ ಕೀಬೋರ್ಡೇ ಸರಿಯಿಲ್ಲ” ಎಂದೆ. “ಝಡ್ ಇರೋ ಕಡೆ ವೈ ಇಟ್ಟಿದಾರೆ, ವೈ ಇರೋ ಕಡೆ ಝಡ್ಡು.”

ಇಬ್ಬರೂ ಒಟ್ಟಿಗೆ ಹೌದು ಹೌದು ಎಂದರು. ಆ ಆಟಕ್ಕೆ ಬೇಕಾದದ್ದು ಬಾಣದ ಗುರುತಿನ ನಾಲ್ಕೇ ನಾಲ್ಕು ಕೀಲಿಗಳು ಎಂಬುದನ್ನು ಇಬ್ಬರಲ್ಲಿ ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.